ಇಂದಿನ ಧಮ್ಮ ಚಿಂತನೆ: ಬಾಬಾಸಾಹೇಬರ ಪಿಟೀಲು, ಬಾಬಾಸಾಹೇಬರ ಕುಂಚ

 

ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ದೊಡ್ಡ ಮಾತು ನನಗೆ ಬರುವುದಿಲ್ಲ, ತಿಳಿದಷ್ಟನ್ನು ಬರೆಯುತ್ತೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಕಳೆದ ಏಪ್ರಿಲ್ 14ರ ಜಯಂತಿಗೆ ನಮ್ಮ ಬಡಾವಣೆಯ ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ ಇಟ್ಟಿದ್ದೆವು. ಎಲ್ಲ ಮಕ್ಕಳೂ ನೀಲಿ ಕೋಟು, ಎತ್ತಿದ ಬೆರಳು, ಕೈಯಲ್ಲಿ ಸಂವಿಧಾನ ಬಿಡಿಸಿದರು. ಆರನೇ ತರಗತಿಯಲ್ಲಿರುವ ನನ್ನ ಮಗಳು ಮಾತ್ರ ಬಾಬಾಸಾಹೇಬರನ್ನು ಒಂದು ಕುರ್ಚಿಯ ಮೇಲೆ ಕೂರಿಸಿ, ಕೈಗೆ ಪಿಟೀಲು ಕೊಟ್ಟಿದ್ದಳು. ನೋಡಿದ ಹಿರಿಯರೊಬ್ಬರಿಗೆ ಸರಿಬರಲಿಲ್ಲ. ಪಿಟೀಲು ಅಳಿಸಿ ಪುಸ್ತಕ ಬರೆ ಎಂದು ಹೇಳಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಬಾಬಾಸಾಹೇಬರನ್ನು ನಾವೆಲ್ಲ ನೋಡಿರುವುದೇ ಹಾಗೆ. ಮಗಳು ಅಳಿಸಲಿಲ್ಲ. ಎಲ್ಲೋ ಓದಿದ್ದೇನೆ, ಅವರು ನಿಜವಾಗಿಯೂ ಪಿಟೀಲು ಕಲಿತಿದ್ದರು ಎಂದು ವಾದ ಮಾಡಿದಳು. ಪಕ್ಕದಲ್ಲೇ ನಿಂತಿದ್ದ ನನಗೆ ಆ ವಿಷಯ ಗೊತ್ತಿರಲಿಲ್ಲ. ಇಷ್ಟು ವರ್ಷ ಅಧ್ಯಯನ ಬಳಗದಲ್ಲಿದ್ದೂ ಗೊತ್ತಿರಲಿಲ್ಲ. ರಾತ್ರಿ ಮಲಗುವಾಗ ಅವಳು ಒಂದು ಪ್ರಶ್ನೆ ಕೇಳಿದಳು. ಬಾಬಾಸಾಹೇಬರಿಗೆ ಸುಸ್ತಾಗುತ್ತಿರಲಿಲ್ಲವೇ ಅಮ್ಮ? ಸುಸ್ತಾದಾಗ ಏನು ಮಾಡುತ್ತಿದ್ದರು?

ಆ ಪ್ರಶ್ನೆ ನನಗೇ ಬೇಕಾಗಿತ್ತು. ನಮ್ಮೂರ ಕೇರಿಗೆ ಸ್ಮಶಾನ ಭೂಮಿ ಬೇಕೆಂದು ನಾವು ಕೆಲವರು ಮೂರು ವರ್ಷದಿಂದ ಅರ್ಜಿ ಹಿಡಿದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಿದ್ದೇವೆ. ಬೆಳಿಗ್ಗೆ ಶಾಲೆ, ಸಂಜೆ ಅರ್ಜಿ, ಭಾನುವಾರ ವಿಹಾರ. ನಿದ್ದೆ ಬಿಟ್ಟುಹೋಗಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕಚೇರಿಯವರಿಗೆ ನಾಳೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ. ಬಿಪಿ ಏರಿದೆ, ಮಾತ್ರೆಯ ಜೊತೆ ವಿಶ್ರಾಂತಿಯೂ ಬೇಕು ಎಂದು ಡಾಕ್ಟರ್ ಹೇಳಿದಾಗ ನನಗೆ ಆಗಿದ್ದು ಸಮಾಧಾನವಲ್ಲ, ನಾಚಿಕೆ. ದಿನಕ್ಕೆ 18 ಗಂಟೆ ಓದಿದವರ ಮಗಳು ನಾನು, ವಿಶ್ರಾಂತಿ ಕೇಳುವುದು ಹೇಗೆ ಎಂದು. ಪ್ರತಿ ಜಯಂತಿಯಲ್ಲೂ ಕೇಳಿದ ಆ 18 ಗಂಟೆಯ ಮಾತು ನನ್ನ ತಲೆಯಲ್ಲಿ ಮೊಳೆಯಂತೆ ಕೂತಿತ್ತು.

ಹಾಗಾಗಿ ಮಗಳ ಪ್ರಶ್ನೆ ಹಿಡಿದುಕೊಂಡು ಬಾಬಾಸಾಹೇಬರ ಜೀವನವನ್ನು ಮತ್ತೊಮ್ಮೆ ಓದಿದೆ. ಈ ಸಲ ಅವರ ದುಡಿಮೆ ಮಾತ್ರವಲ್ಲ, ಬಿಡುವು ಎಲ್ಲಿತ್ತು ಎಂದೂ ಹುಡುಕಿದೆ. ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

1891ರ ಏಪ್ರಿಲ್ 14ರಂದು ಮಹೂ ದಂಡಿನಲ್ಲಿ ಭೀಮರಾವ್ ಹುಟ್ಟಿದರು. ತಂದೆ ಸುಬೇದಾರ್ ರಾಮ್‌ಜಿ ಸಕ್ಪಾಲ್ ಕಬೀರಪಂಥದವರು. ಮನೆಯಲ್ಲಿ ಭಜನೆ, ಪದಗಳು ಇದ್ದವು. ಅಕ್ಷರ ಕಲಿಯುವ ಮೊದಲೇ ಆ ಮಗುವಿನ ಕಿವಿಗೆ ಕಬೀರರ ಪದ ಬಿದ್ದಿತ್ತು ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಈ ಮಾತಿಗೆ ಮತ್ತೆ ಬರುತ್ತೇನೆ.

ಶಾಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದು, ನೀರು ಮುಟ್ಟಗೊಡದೆ ಬಾಯಾರಿದ್ದು ನಮಗೆಲ್ಲ ಗೊತ್ತು. ಮುಂಬೈಗೆ ಬಂದ ಮೇಲೆ ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಅಡಿಗೆ, ನಿದ್ದೆ, ಓದು ಎಲ್ಲ ಅಲ್ಲೇ. ಸದ್ದು ಅಡಗಿದ ಮೇಲೆ, ನಡುರಾತ್ರಿ ಕಳೆದು ತಂದೆ ಎಬ್ಬಿಸುತ್ತಿದ್ದರು. ಹುಡುಗ ಎದ್ದು ದೀಪದ ಬೆಳಕಿನಲ್ಲಿ ಓದುತ್ತಿದ್ದ. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ಬಾಬಾಸಾಹೇಬರ ಮನಸ್ಸಿನಲ್ಲಿ ಬುದ್ಧ ಕಾಲಿಟ್ಟದ್ದು ಅಲ್ಲಿಂದ.

1913ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ಲಂಡನ್. 1920ರಲ್ಲಿ ಎರಡನೇ ಸಲ ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಮುಚ್ಚುವ ಹೊತ್ತಿಗೆ ಎದ್ದು ಬರುತ್ತಿದ್ದರು. ಅರೆಹೊಟ್ಟೆಯ ದಿನಗಳು ಅವು. 18 ಗಂಟೆಯ ಮಾತು ಹುಟ್ಟಿದ್ದು ಇಂತಹ ದಿನಗಳಿಂದ. ಅದು ಸುಳ್ಳಲ್ಲ. ಆದರೆ ಆ ಹಟಕ್ಕೆ ಕಾರಣ ಏನೆಂದು ನಾವು ಕೇಳಿಕೊಳ್ಳುವುದಿಲ್ಲ. ದುಡ್ಡು ಮುಗಿಯುವುದರೊಳಗೆ, ಅವಧಿ ತೀರುವುದರೊಳಗೆ ಓದಿ ಮುಗಿಸಬೇಕಿತ್ತು. ಬೇರೆ ಹುಡುಗರಿಗೆ ಇದ್ದ ನಿಧಾನ ಅವರಿಗೆ ಇರಲಿಲ್ಲ. ಅವರು ಬಿಡುವನ್ನು ಬೇಡವೆಂದು ಬಿಟ್ಟವರಲ್ಲ. ಅದನ್ನು ಅವರಿಂದ ಕಸಿದುಕೊಳ್ಳಲಾಗಿತ್ತು.

ಹಿಂತಿರುಗಿದ ಮೇಲೆ 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು, ಅದೇ ವರ್ಷ ಡಿಸೆಂಬರ್ 25ರಂದು ಮನುಸ್ಮೃತಿ ದಹನ, 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಸತ್ಯಾಗ್ರಹ, ಲಂಡನ್ನಿನ ದುಂಡು ಮೇಜಿನ ಪರಿಷತ್ತು, 1932ರ ಪೂನಾ ಒಪ್ಪಂದ. ಇವೆಲ್ಲ ನಡೆಯುತ್ತಿದ್ದ ವರ್ಷಗಳಲ್ಲೇ ಮನೆಯೊಳಗೆ ಸಾವು. ರಮಾಬಾಯಿ ಮತ್ತು ಅವರ ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. ಮುದ್ದಿನ ಮಗ ರಾಜರತ್ನ 1926ರಲ್ಲಿ ಹೋದ. 1935ರ ಮೇ 27ರಂದು ರಮಾತಾಯಿ ಕೂಡ ಹೋದರು. ಹೊರಗೆ ಚಳವಳಿ, ಒಳಗೆ ದುಃಖ. ಇಷ್ಟು ಭಾರ ಹೊತ್ತ ಮನುಷ್ಯನಿಗೆ ಸುಸ್ತಾಗಲಿಲ್ಲ ಎಂದರೆ ಅದು ಅವರಿಗೆ ಮಾಡುವ ಗೌರವವಲ್ಲ. ಅವರನ್ನು ಕಲ್ಲು ಮಾಡಿದಂತೆ.

ದಾದರಿನಲ್ಲಿ ಅವರು ಕಟ್ಟಿಸಿದ ಮನೆಯ ಹೆಸರು ರಾಜಗೃಹ. ಪುಸ್ತಕಗಳಿಗಾಗಿಯೇ ಕಟ್ಟಿಸಿದ ಮನೆ. ಆ ಹೆಸರು ಓದಿದಾಗಲೆಲ್ಲ ನನಗೆ ಇನ್ನೊಂದು ರಾಜಗೃಹ ನೆನಪಾಗುತ್ತದೆ, ಬಿಂಬಿಸಾರನ ರಾಜಗೃಹ. ಅಲ್ಲಿ ನಡೆದ ಸೋಣನ ಕಥೆ ನಮ್ಮ ಬಳಗದಲ್ಲಿ ಓದಿದ್ದೇವೆ. ಸೋಣ ಸಿರಿವಂತರ ಮನೆಯ ಮಗ, ಮೆತ್ತನೆಯ ಪಾದದವನು. ಭಿಕ್ಖುವಾದ ಮೇಲೆ ಹಟ ಹಿಡಿದು ನಡೆದು ಧ್ಯಾನ ಮಾಡಿದ. ಪಾದ ಒಡೆದು ನಡೆಯುವ ದಾರಿಯೆಲ್ಲ ರಕ್ತವಾಯಿತು. ಆದರೂ ಮನಸ್ಸು ಬಿಡುಗಡೆಯಾಗಲಿಲ್ಲ. ಇನ್ನು ಸಾಕು, ಮನೆಗೆ ಹೋಗೋಣ ಎಂದುಕೊಂಡ. ಆಗ ಭಗವಾನ್ ಬುದ್ಧರು ಬಂದು ಅವನ ಹಳೆಯ ಬದುಕನ್ನು ನೆನಪಿಸಿದರು. ಅವನು ಮೊದಲು ಚೆನ್ನಾಗಿ ವೀಣೆ ನುಡಿಸುತ್ತಿದ್ದವನು. ತಂತಿ ಅತಿಯಾಗಿ ಬಿಗಿದರೆ ನಾದ ಬರುತ್ತದೆಯೇ, ಅತಿಯಾಗಿ ಸಡಿಲವಾದರೆ ಬರುತ್ತದೆಯೇ ಎಂದು ಕೇಳಿದರು. ಎರಡೂ ಅಲ್ಲ, ಹದವಾಗಿರಬೇಕು ಎಂಬುದು ಅವನಿಗೇ ಗೊತ್ತಿತ್ತು. ಪ್ರಯತ್ನವೂ ಹಾಗೆಯೇ ಎಂದು ಬುದ್ಧರು ತಿಳಿಸಿದರು. ಸೋಣ ಹದ ಕಂಡುಕೊಂಡ, ಅರಹಂತನಾದ.

ಈಗ ನನ್ನನ್ನು ಹೆಚ್ಚು ತಟ್ಟಿದ ಭಾಗಕ್ಕೆ ಬರುತ್ತೇನೆ.

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಆಗ ಕಾರ್ಖಾನೆಯ ಕೆಲಸಗಾರ ವಾರಕ್ಕೆ 54 ಗಂಟೆ ದುಡಿಯಬೇಕಿತ್ತು. ಅದನ್ನು 48 ಗಂಟೆಗೆ ಇಳಿಸುವ ಮಸೂದೆ ತಂದವರು ಅವರು. 1946ರಲ್ಲಿ ಅದು ಕಾಯ್ದೆಯಾಯಿತು. ಸಂಬಳ ಸಹಿತ ರಜೆ ಕಾರ್ಖಾನೆಯವರಿಗೆ ಕಾನೂನಿನ ಹಕ್ಕಾಗಿದ್ದೂ ಅವರ ಕಾಲದಲ್ಲೇ. ಇವತ್ತು ನಾವು ಭಾನುವಾರ ವಿಹಾರಕ್ಕೆ ಬಂದು ಕೂರುತ್ತೇವಲ್ಲ, ಆ ಬಿಡುವಿನ ಹಿಂದೆಯೂ ಇಂತಹ ಹೋರಾಟಗಳಿವೆ.

1945ರಲ್ಲಿ ಗಾಂಧಿ ಮತ್ತು ಕಾಂಗ್ರೆಸ್ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ವಿಷಯದ ಮೇಲೆ ಅವರ ದೊಡ್ಡ ಪುಸ್ತಕ ಬಂತು. ಅದರಲ್ಲಿ ಯಂತ್ರ ಬೇಡ, ಚರಕ ಸಾಕು ಎನ್ನುವ ವಾದಕ್ಕೆ ಅವರು ಉತ್ತರ ಕೊಡುತ್ತಾರೆ. ಆ ಉತ್ತರದ ತಿರುಳು ಹೀಗಿದೆ. ಪ್ರಾಣಿಯ ಬದುಕು ಹೊಟ್ಟೆಯ ಪಾಡಿನಲ್ಲೇ ಮುಗಿಯುತ್ತದೆ. ಮನುಷ್ಯನ ಗುರಿ ಅದಲ್ಲ. ಅವನು ಮನಸ್ಸನ್ನು ಬೆಳೆಸಿಕೊಳ್ಳಬೇಕು, ಸಂಸ್ಕೃತಿಯ ಬದುಕು ಬದುಕಬೇಕು. ಅದಕ್ಕೆ ಬಿಡುವು ಬೇಕೇ ಬೇಕು. ದುಡಿಮೆಯ ಭಾರ ಇಳಿಯದೆ ಬಿಡುವು ಸಿಗುವುದಿಲ್ಲ. ಆದ್ದರಿಂದ ಯಂತ್ರ ಬೇಕು. ಯಂತ್ರದಿಂದ ಕೇಡಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರೇ ಹಿಡಿದುಕೊಳ್ಳುವ ಸಮಾಜದ್ದು.

ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ನಾಚಿಕೆಪಟ್ಟುಕೊಂಡಿದ್ದ ಬಿಡುವನ್ನು ಬಾಬಾಸಾಹೇಬರು ಮನುಷ್ಯನಾಗಿ ಬದುಕಲು ಬೇಕಾದ ವಸ್ತು ಎಂದು ವಾದಿಸಿದ್ದರು.

ನನ್ನ ತಾತ ನೆನಪಾದ. ಅವನ ಕೈ ಸುಮ್ಮನೆ ಇದ್ದದ್ದನ್ನು ಯಾರೂ ನೋಡಿಲ್ಲವಂತೆ. ತಮಟೆಗೆ ಚರ್ಮ ಹದಮಾಡಿ ಕಟ್ಟುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವನು. ಎಂತೆಂತಹ ಗತ್ತು ನುಡಿಸುತ್ತಿದ್ದನೆಂದು ಅಪ್ಪ ಹೇಳುತ್ತಿದ್ದರು. ಆದರೆ ನುಡಿಸಿದ್ದು ಊರಿನವರ ಸಾವಿಗೆ, ಊರಿನವರ ಜಾತ್ರೆಗೆ, ಕರೆದಾಗ ಹೋಗಲೇಬೇಕಾದ ಚಾಕರಿಯಾಗಿ. ತನಗಾಗಿ, ತನ್ನ ಮನಸ್ಸು ಹಗುರವಾಗಲಿ ಎಂದು ಒಂದು ಸಂಜೆ ನುಡಿಸಿದನೇ? ನಮ್ಮ ಜನರ ಕೈಯಲ್ಲಿ ಕಲೆ ಇರಲಿಲ್ಲವೆಂದಲ್ಲ. ಚಪ್ಪಲಿಯ ಮೇಲಿನ ಹೊಲಿಗೆ, ಬುಟ್ಟಿಯ ಹೆಣಿಗೆ, ಕೌದಿಯ ಬಣ್ಣ ಎಲ್ಲವೂ ಇತ್ತು. ಅವರಿಗೆ ತಮ್ಮದೆಂಬ ಹೊತ್ತು ಇರಲಿಲ್ಲ. ಬಾಬಾಸಾಹೇಬರು ಬಿಡುವಿನ ಪರ ವಾದಿಸುವಾಗ ನನ್ನ ತಾತನಂತಹವರ ಪರವಾಗಿಯೇ ವಾದಿಸಿದ್ದರು ಎಂದು ನನಗನಿಸುತ್ತದೆ.

ಅವರ ಜೀವನಕ್ಕೆ ಹಿಂತಿರುಗೋಣ. 1947ರ ಆಗಸ್ಟ್ 29ರಂದು ಸಂವಿಧಾನ ಕರಡು ಸಮಿತಿ ನೇಮಕವಾಯಿತು. ಅಧ್ಯಕ್ಷರು ಬಾಬಾಸಾಹೇಬರು. ಆ ವೇಳೆಗೆ ದೇಹ ಸೋಲುತ್ತಿತ್ತು. ಸಕ್ಕರೆ ಕಾಯಿಲೆ, ಕಾಲುನೋವು, ನಿದ್ದೆಯಿಲ್ಲದ ರಾತ್ರಿಗಳು. 1948ರ ಏಪ್ರಿಲ್ 15ರಂದು ವೈದ್ಯೆಯಾಗಿದ್ದ ಸವಿತಾ ಅವರನ್ನು ಮದುವೆಯಾದರು. 1951ರಲ್ಲಿ ಹಿಂದೂ ಕೋಡ್ ಬಿಲ್ ಮೂಲೆಗೆ ಸರಿದಾಗ ಮಂತ್ರಿ ಪದವಿ ಬಿಟ್ಟು ಹೊರಬಂದರು. 1952ರ ಚುನಾವಣೆಯಲ್ಲಿ ಮುಂಬೈಯಲ್ಲಿ ಸೋತರು. 1954ರಲ್ಲಿ ಭಂಡಾರದಲ್ಲಿಯೂ ಸೋತರು. ದೇಶಕ್ಕೆ ಸಂವಿಧಾನ ಬರೆದುಕೊಟ್ಟವರು ಲೋಕಸಭೆಗೆ ಹೋಗಲಾಗಲಿಲ್ಲ. ದೆಹಲಿಯ 26, ಅಲಿಪುರ ರಸ್ತೆಯ ಮನೆಯಲ್ಲಿ ಪುಸ್ತಕಗಳ ನಡುವೆ ಅವರ ಕೊನೆಯ ವರ್ಷಗಳು ಕಳೆದವು.

ಬದುಕಿನ ಈ ಇಳಿಹೊತ್ತಿನಲ್ಲಿ ಅವರು ಪಿಟೀಲು ಕೈಗೆತ್ತಿಕೊಂಡರು. ಗುರುವಿಟ್ಟುಕೊಂಡು ಕಲಿತರು. ಬಣ್ಣ, ಕುಂಚ ಹಿಡಿದು ಚಿತ್ರ ಬಿಡಿಸುವುದನ್ನೂ ಕಲಿತರು. ಯೋಚಿಸಿ ನೋಡಿ. ಅಷ್ಟೊಂದು ಪದವಿಗಳಿದ್ದ, 60ರ ಆಸುಪಾಸಿನ ಮನುಷ್ಯ, ಸರಿಗಮ ಕಲಿಯುವ ಮಗುವಿನಂತೆ ಗುರುವಿನ ಮುಂದೆ ಕೂರುವುದು. ಪಿಟೀಲು ಮೊದಲ ದಿನವೇ ಇಂಪಾಗಿ ನುಡಿಯುವ ವಾದ್ಯವಲ್ಲ. ಅಪಸ್ವರ ಬಂದೇ ಬರುತ್ತದೆ. ಅದರಿಂದ ಪದವಿಯಿಲ್ಲ, ಕೇಸು ಗೆಲ್ಲುವುದಿಲ್ಲ, ಓಟು ಬರುವುದಿಲ್ಲ. ಆದರೂ ಕಲಿತರು. ಆ ಪಿಟೀಲು ಇವತ್ತಿಗೂ ಪುಣೆಯಲ್ಲಿ ಸಿಂಬಯಾಸಿಸ್ ಸಂಸ್ಥೆಯವರ ಅಂಬೇಡ್ಕರ್ ವಸ್ತುಸಂಗ್ರಹಾಲಯದಲ್ಲಿದೆ. ಪುಣೆಗೆ ಹೋಗುವವರು ನೋಡಿ ಬನ್ನಿ, ಮಕ್ಕಳಿಗೆ ತೋರಿಸಿ.

ಇನ್ನು ಚಿತ್ರ. ಬಾಬಾಸಾಹೇಬರು ಬಿಡಿಸಿದ್ದೆಂದು ನಮ್ಮ ಎಷ್ಟೋ ಮನೆಗಳಲ್ಲಿ, ವಿಹಾರಗಳಲ್ಲಿ ಇರುವ ಬುದ್ಧನ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಬೇರೆ ಬುದ್ಧರ ಕಣ್ಣು ಮುಚ್ಚಿರುತ್ತದೆ ಅಥವಾ ಅರೆಮುಚ್ಚಿರುತ್ತದೆ. ಈ ಬುದ್ಧನ ಕಣ್ಣು ತೆರೆದಿದೆ. ಲೋಕದ ದುಃಖವನ್ನು ನೋಡುವ ಬುದ್ಧ ಎಂದು ನಮ್ಮ ಹಿರಿಯರು ಅದನ್ನು ವಿವರಿಸುತ್ತಾ ಬಂದಿದ್ದಾರೆ. ನಾನು ಆ ಚಿತ್ರವನ್ನು ದಿನವೂ ನೋಡುತ್ತಿದ್ದೆ, ಆದರೆ ಬಿಡಿಸಿದ ಕೈಯ ಬಗ್ಗೆ ಯೋಚಿಸಿರಲಿಲ್ಲ. ಒಂದು ಕಣ್ಣನ್ನು ಬಿಡಿಸಬೇಕಾದರೆ ಕೈ ನಿಧಾನವಾಗಬೇಕು. ಉಸಿರು ತಾನಾಗಿ ನಿಧಾನವಾಗುತ್ತದೆ. ಆ ಹೊತ್ತು ಮನಸ್ಸಿನಲ್ಲಿ ವಿರೋಧಿಗಳಿಲ್ಲ, ಸೋಲಿಲ್ಲ, ಕಾಲುನೋವೂ ಸ್ವಲ್ಪ ದೂರ ನಿಂತಿರುತ್ತದೆ. ಗೆರೆ ಮಾತ್ರ ಇರುತ್ತದೆ. ಇದು ಸ್ಮೃತಿಯಲ್ಲದೆ ಮತ್ತೇನು?

ನಮ್ಮ ಧಮ್ಮದಲ್ಲಿ ಇದಕ್ಕೆ ಹೆಸರೇ ಇದೆ. ಏಳು ಬೋಜ್ಝಂಗಗಳನ್ನು ನಾವು ಪಠಿಸುತ್ತೇವೆ. ಸತಿ, ಧಮ್ಮವಿಚಯ, ವೀರಿಯ, ಪೀತಿ, ಪಸ್ಸದ್ಧಿ, ಸಮಾಧಿ, ಉಪೇಕ್ಖಾ. ವೀರಿಯ ಎಂದರೆ ಉತ್ಸಾಹದ ಪ್ರಯತ್ನ, ಅದು ನಮಗೆ ಚೆನ್ನಾಗಿ ಗೊತ್ತು. ಪಸ್ಸದ್ಧಿ ಎಂದರೆ ಕಾಯ ಮತ್ತು ಚಿತ್ತ ಶಾಂತವಾಗಿ ಸಡಿಲವಾಗುವುದು. ಬೋಧಿಯ ಏಳು ಅಂಗಗಳಲ್ಲಿ ಅದೂ ಒಂದು. ಬುದ್ಧರು ಇವನ್ನು ಬೆಂಕಿಗೆ ಹೋಲಿಸಿ ಹೇಳಿದ್ದಾರೆ. ಬೆಂಕಿ ಸಣ್ಣದಾಗಿ ಆರುವಂತಿದ್ದರೆ ಒಣಕಟ್ಟಿಗೆ ಹಾಕಬೇಕು. ಮನಸ್ಸು ಜಡವಾದಾಗ ಧಮ್ಮವಿಚಯ, ವೀರಿಯ, ಪೀತಿ ಬೇಕು. ಬೆಂಕಿ ಧಗಧಗ ಉರಿಯುತ್ತಿದ್ದರೆ ಹಸಿಹುಲ್ಲು ಹಾಕಬೇಕು. ಮನಸ್ಸು ಕುದಿಯುತ್ತಿರುವಾಗ ಪಸ್ಸದ್ಧಿ, ಸಮಾಧಿ, ಉಪೇಕ್ಖಾ ಬೇಕು. ಕುದಿಯುವ ಮನಸ್ಸಿಗೆ ಇನ್ನಷ್ಟು ವೀರಿಯ ಸುರಿದರೆ ಉರಿಯುವ ಮನೆಗೆ ಸೌದೆ ಒಟ್ಟಿದಂತೆ. ನಾನು ಮೂರು ವರ್ಷ ಮಾಡಿದ್ದು ಅದನ್ನೇ.

ಆದರೆ ಒಂದು ಎಚ್ಚರ ಇರಲಿ. ವಿಶ್ರಾಂತಿ ಬೇರೆ, ಕಣ್ಣು ಮುಚ್ಚಿಕೊಳ್ಳುವುದು ಬೇರೆ. ಅನ್ಯಾಯ ನಡೆಯುತ್ತಿರುವಾಗ ಬಣ್ಣ ಹಚ್ಚುತ್ತಾ ಕೂತರೆ ಅದು ಧಮ್ಮವಲ್ಲ. ಬಾಬಾಸಾಹೇಬರು ಹಾಗೆ ಕೂತವರಲ್ಲ. ಪಿಟೀಲು, ಕುಂಚ ಹಿಡಿದ ಅದೇ ವರ್ಷಗಳಲ್ಲಿ ಅವರು ಮಾಡಿದ ಕೆಲಸ ನೋಡಿ. 1954ರ ಡಿಸೆಂಬರಿನಲ್ಲಿ ರಂಗೂನಿನ ವಿಶ್ವ ಬೌದ್ಧ ಸಮ್ಮೇಳನ. ಬಂದವರೇ ಅದೇ ತಿಂಗಳು 25ರಂದು ಪುಣೆಯ ಹತ್ತಿರದ ದೇಹು ರೋಡಿನಲ್ಲಿ ಬುದ್ಧಮೂರ್ತಿಯ ಸ್ಥಾಪನೆ. 1955ರಲ್ಲಿ ಭಾರತೀಯ ಬೌದ್ಧ ಮಹಾಸಭೆ. ಇದರ ಜೊತೆಗೆ ಬುದ್ಧ ಮತ್ತು ಆತನ ಧಮ್ಮ ಗ್ರಂಥದ ಬರವಣಿಗೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ, ಕೈಯಲ್ಲಿ ಊರುಗೋಲು ಹಿಡಿದು ನಿಂತು, ಲಕ್ಷಾಂತರ ಜನರ ಜೊತೆ ದೀಕ್ಷೆ ತೆಗೆದುಕೊಂಡರು. ನಮ್ಮ 22 ಪ್ರತಿಜ್ಞೆಗಳು ಅಲ್ಲಿಂದ ಬಂದವು. ಅವರ ಬಿಡುವು ಅವರ ಕೆಲಸವನ್ನು ತಿನ್ನಲಿಲ್ಲ. ಅವರ ಬುದ್ಧನಂತೆ ಅವರ ವಿಶ್ರಾಂತಿಗೂ ಕಣ್ಣು ತೆರೆದಿತ್ತು.

ಕೊನೆಯ ರಾತ್ರಿಯನ್ನು ನೆನೆಸಿಕೊಂಡರೆ ಮನಸ್ಸು ತುಂಬಿ ಬರುತ್ತದೆ. ಅದು 1956ರ ಡಿಸೆಂಬರ್ 5. ಬಂದಿದ್ದವರನ್ನು ಕಳಿಸಿದ ಮೇಲೆ ಬಾಬಾಸಾಹೇಬರು ಮೆಲುದನಿಯಲ್ಲಿ ತ್ರಿಸರಣ ಗುನುಗಿದರು. ಬುದ್ಧ ಗೀತೆಗಳ ರೆಕಾರ್ಡು ಹಾಕಿಸಿ ಕೇಳಿದರು. ಊಟದ ಹೊತ್ತಿಗೆ ಕಬೀರರ ಪದವೊಂದು ಅವರ ಬಾಯಲ್ಲಿತ್ತು. ತಂದೆಯ ಮನೆಯಲ್ಲಿ ಮೊದಲು ಕಿವಿಗೆ ಬಿದ್ದ ಕಬೀರರು ಕೊನೆಯ ರಾತ್ರಿಯೂ ಜೊತೆಗಿದ್ದರು. ಆಮೇಲೆ ತಮ್ಮ ಗ್ರಂಥದ ಮುನ್ನುಡಿಯ ಹಾಳೆಗಳನ್ನು ಮಂಚದ ಬಳಿ ಇಡಿಸಿಕೊಂಡರು. ಹಾಡೂ ಇತ್ತು, ಕೆಲಸವೂ ಇತ್ತು. ಬೆಳಗಾಗುವಷ್ಟರಲ್ಲಿ ಮಹಾಪರಿನಿಬ್ಬಾಣ. ಆ ಗ್ರಂಥ ಅಚ್ಚಾಗಿ ಬಂದದ್ದು 1957ರಲ್ಲಿ, ಅವರು ನೋಡಲಿಲ್ಲ.

ಆಗ ಅವರಿಗೆ 65 ವರ್ಷ. ನನಗೆ ಒಂದು ನೋವು ಉಳಿದಿದೆ. ಆ ಪಿಟೀಲು, ಆ ಕುಂಚ ಅವರ ಕೈಗೆ ಹತ್ತಿಪ್ಪತ್ತು ವರ್ಷ ಮೊದಲೇ ಬಂದಿದ್ದರೆ, ಅವರ ಹೆಗಲ ಮೇಲಿನ ಭಾರವನ್ನು ಹೊರಲು ನಾಲ್ಕು ಜನ ಮುಂದೆ ಬಂದಿದ್ದರೆ ಎಂದು. ಅದು ಆಗಲಿಲ್ಲ. ಆದರೆ ನಮ್ಮ ಕೆಲಸಗಾರರ ವಿಷಯದಲ್ಲಿ ನಾವು ಅದನ್ನು ಮಾಡಬಹುದು. ನಮ್ಮ ಬಳಗದಲ್ಲಿ ದಣಿದವರು ಯಾರಿದ್ದಾರೆ ನೋಡಿ. ಅವರಿಗೆ 18 ಗಂಟೆಯ ಮಾತು ಹೇಳುವ ಬದಲು, ಅವರ ಒಂದು ಕೆಲಸವನ್ನು ನಾವು ತೆಗೆದುಕೊಳ್ಳೋಣ.

ಈಗ ನನ್ನ ಸಂಗತಿ ಹೇಳಿ ಮುಗಿಸುತ್ತೇನೆ. ನಮ್ಮ ಶಾಲೆಯ ಅಂಗಳದಲ್ಲಿ ಒಂದು ಅರಳಿ ಮರವಿದೆ. ಜಯಂತಿ ಆದ ಮೇಲೆ ಒಂದು ಸಂಜೆ ಉದುರಿದ ಎಲೆಯೊಂದನ್ನು ಮನೆಗೆ ತಂದೆ. ಮಗಳ ಪೆನ್ಸಿಲ್ ತೆಗೆದುಕೊಂಡು ಅದನ್ನು ಬಿಡಿಸಲು ಕೂತೆ. ಶಾಲೆ ಬಿಟ್ಟ ಮೇಲೆ ನಾನು ನನಗಾಗಿ ಚಿತ್ರ ಬಿಡಿಸಿದ್ದೇ ಇಲ್ಲ. ಮೊದಲ ಎಲೆ ಬದನೆಕಾಯಿಯ ಹಾಗೆ ಬಂತು. ಮಗಳು ನಕ್ಕಳು, ನಾನೂ ನಕ್ಕೆ. ಮರುದಿನ ಮತ್ತೆ ಕೂತೆ. ಈಗ ರಾತ್ರಿ ಪಾತ್ರೆ ತೊಳೆದಾದ ಮೇಲೆ ಹದಿನೈದು ನಿಮಿಷ ಒಂದು ಎಲೆ ಬಿಡಿಸುವುದು ನನ್ನ ರೂಢಿ. ಮಾತ್ರೆ ಬಿಟ್ಟಿಲ್ಲ, ನೀವೂ ಬಿಡಬೇಡಿ. ಎರಡು ಗಂಟೆಗೆ ಎಚ್ಚರವಾಗುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಸ್ಮಶಾನ ಭೂಮಿಯ ಅಳತೆ ಆಗಿದೆ, ಆದೇಶ ಇನ್ನೂ ಬಂದಿಲ್ಲ. ಮುಂದಿನ ಸೋಮವಾರ ಮತ್ತೆ ಹೋಗುತ್ತಿದ್ದೇವೆ. ಈ ಸಲ ಅರ್ಜಿಯನ್ನು ಬೈಗುಳವಿಲ್ಲದೆ, ದಿನಾಂಕ ಸಮೇತ, ಒಂದೇ ಪುಟದಲ್ಲಿ ಬರೆದಿದ್ದೇನೆ. ಹೋಗಲು ನನ್ನ ಜೊತೆ ಇನ್ನಿಬ್ಬರು ಸರದಿ ತೆಗೆದುಕೊಂಡಿದ್ದಾರೆ.

*ಇಂದಿನ ಅಭ್ಯಾಸ*

ಒಂದು ಅರಳಿ ಎಲೆ, ಒಂದು ಪೆನ್ಸಿಲ್, ಮಕ್ಕಳ ಹಳೆಯ ನೋಟುಬುಕ್ಕಿನ ಒಂದು ಹಾಳೆ ಸಾಕು. ಅರಳಿ ಸಿಗದಿದ್ದರೆ ಯಾವ ಎಲೆಯಾದರೂ ಆಗುತ್ತದೆ.

ಮೊಬೈಲ್ ಬೇರೆ ಕೋಣೆಯಲ್ಲಿಡಿ. ಬೆನ್ನು ನೆಟ್ಟಗೆ, ಭುಜ ಸಡಿಲ. ಮೂರು ಉಸಿರು ಗಮನಿಸಿ.

ಎಲೆಯನ್ನು ಎರಡು ನಿಮಿಷ ಸುಮ್ಮನೆ ನೋಡಿ. ತೊಟ್ಟು ಎಲ್ಲಿ ಸೇರುತ್ತದೆ, ನಡುವಿನ ನರ ಎತ್ತ ವಾಲಿದೆ, ತುದಿಯ ಬಾಲ ಎಷ್ಟು ಉದ್ದ, ಹುಳು ತಿಂದದ್ದೆಲ್ಲಿ.

ಆಮೇಲೆ ಅಂಚಿನ ಜೊತೆ ಕಣ್ಣು ಎಷ್ಟು ನಿಧಾನ ಹೋಗುತ್ತದೋ ಅಷ್ಟೇ ನಿಧಾನ ಪೆನ್ಸಿಲ್ ಹೋಗಲಿ. ರಬ್ಬರ್ ಬೇಡ. ಗೆರೆ ಸೊಟ್ಟಗಾದರೆ ಸೊಟ್ಟ ಎಂದು ತಿಳಿದು ಮುಂದೆ ಹೋಗಿ. ಮನಸ್ಸು ಕಚೇರಿಗೋ ಜಗಳಕ್ಕೋ ಹೋದರೆ, ಹೋಯಿತು ಎಂದು ಗುರುತಿಸಿ ಮತ್ತೆ ಎಲೆಯ ಅಂಚಿಗೆ ಕರೆತನ್ನಿ.

ಮುಗಿದ ಮೇಲೆ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ. ಇದು ಸ್ಪರ್ಧೆಯಲ್ಲ. ನಿಮ್ಮ ತಾತ, ಮುತ್ತಾತರಿಗೆ ಸಿಗದಿದ್ದ ಹದಿನೈದು ನಿಮಿಷ ನಿಮಗೆ ಸಿಕ್ಕಿದೆ. ಅದು ನಿಮ್ಮದಾಗಿಯೇ ಇರಲಿ. ಹಾಳೆಯ ಮೂಲೆಯಲ್ಲಿ ದಿನಾಂಕ ಬರೆದು ಮಡಿಸಿಡಿ.

ಮಗಳ ಚಿತ್ರಕ್ಕೆ ಬಹುಮಾನ ಬರಲಿಲ್ಲ. ಆ ಚಿತ್ರ ಈಗ ನಮ್ಮ ಮನೆಯಲ್ಲಿ ಕಣ್ಣು ತೆರೆದ ಬುದ್ಧನ ಪಕ್ಕದಲ್ಲಿದೆ. ಪಿಟೀಲು ಹಿಡಿದ ಬಾಬಾಸಾಹೇಬರ ಮುಖದಲ್ಲಿ ಅವಳು ಒಂದು ಸಣ್ಣ ನಗು ಬಿಡಿಸಿದ್ದಾಳೆ. ತಿದ್ದು ಎಂದ ಆ ಹಿರಿಯರು ಮೊನ್ನೆ ಮನೆಗೆ ಬಂದವರು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು.

ಎಲ್ಲರ ಮನಸ್ಸೂ ಹದವಾಗಿರಲಿ. ಭವತು ಸಬ್ಬ ಮಂಗಲಂ. ಜೈ ಭೀಮ್.